ಚಾವಡಿಯಲ್ಲಿ ಎಷ್ಟು ಕಂಬ?

ಕಳೆದ ಭಾನುವಾರ ಮಗಳು, ಅಳಿಯ, ಮೊಮ್ಮಗಳ ಜೊತೆ ವಾಮಂಜೂರು ದಾಟಿ ಪಿಲಿಕುಳಕ್ಕೆ ಹೋಗಿದ್ದೆ. ಮಂಗಳೂರಿನ ಮಕ್ಕಳಿಗೆ ಪಿಲಿಕುಳ ಅಂದರೆ ಹುಲಿ, ಹಾವು, ದೋಣಿ. ಹೆಸರೇ ಹಾಗಿದೆಯಲ್ಲ, ತುಳುವಿನಲ್ಲಿ ಪಿಲಿ ಎಂದರೆ ಹುಲಿ. ನನಗೆ ಬೇಕಾದದ್ದು ಮಾತ್ರ ಅಲ್ಲಿನ ಗುತ್ತಿನ ಮನೆ.

ಮಕ್ಕಳೇ, ಗುತ್ತು ಅಂದರೆ ಬರೀ ದೊಡ್ಡ ಮನೆಯಲ್ಲ. ಊರಿನ ಜಗಳ ಬಗೆಹರಿಯುತ್ತಿದ್ದದ್ದು ಅದರ ಚಾವಡಿಯಲ್ಲಿ. ಪಿಲಿಕುಳದ್ದು ಹಳೆಯ ಮನೆಗಳ ಮಾದರಿಯಲ್ಲಿ ಹೊಸದಾಗಿ ಕಟ್ಟಿದ್ದು. ಅಲ್ಲಿ ಯಾರೂ ಹುಟ್ಟಿಲ್ಲ, ಯಾರ ಮದುವೆಯೂ ಆಗಿಲ್ಲ. ಆದರೂ ಕಂಬಕ್ಕೆ ಕೈ ತಾಗಿದಾಗ ನನಗೆ ತವರಿನ ನೆನಪಾಯಿತು.

“ಅಜ್ಜಿ, ಹಳೇ ಮನೆಗಳ ಮಾಡು ಯಾಕೆ ಇಷ್ಟು ಕೆಳಗಿಳಿದಿರ್ತದೆ?” ಚಿನ್ನು ಕೇಳಿದಳು. ಆಟಿ ತಿಂಗಳ ಮಳೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ. ಮಾಡು ಇಳಿದಿದ್ದರೆ ಮಣ್ಣಿನ ಗೋಡೆ ಒದ್ದೆಯಾಗುವುದಿಲ್ಲ ಎಂದೆ. ಹಂಚಿನ ಕಥೆಯನ್ನೂ ಹೇಳಿದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕಿಂತ ಮೊದಲು ಇಲ್ಲಿ ಹುಲ್ಲಿನ ಮಾಡುಗಳೇ ಹೆಚ್ಚು. ಒಂದು ಹಂಚಿನ ಅಂಚು ಪಕ್ಕದ ಹಂಚಿನ ತೋಡಿನಲ್ಲಿ ಕೂರುತ್ತದೆ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆ ಇಡಬಹುದು. ಈಗಿನ ತಾರಸಿ ಸೋರಿದರೆ ಎಲ್ಲಿ ಸೋರುತ್ತದೆಂದು ಹುಡುಕುವುದರಲ್ಲೇ ಮಳೆಗಾಲ ಮುಗಿಯುತ್ತದೆ!

“ನಿಮ್ಮ ಮನೆ ಎಲ್ಲಿದೆ ಅಜ್ಜಿ? ಅದನ್ನೂ ನೋಡುವ.”

ನಾನು ಸುಮ್ಮನಾದೆ. ನಮ್ಮದು ಅಳಿಯಸಂತಾನದ ಮನೆ. ಆಸ್ತಿ ತಾಯಿಯ ಕಡೆಯಿಂದ ಬರುವಂಥದ್ದು. ಪಾಲಾಗುವಾಗ ಹೆಣ್ಣುಮಕ್ಕಳ ಸಹಿಯೂ ಬೇಕಿತ್ತು. ಮನೆ ಬೀಳಿಸಿದ್ದು ಅಣ್ಣಂದಿರು ಎಂದು ಇಷ್ಟು ವರ್ಷ ಹೇಳುತ್ತಿದ್ದೆ. ಆದರೆ ಆ ಕಾಗದದಲ್ಲಿ ನನ್ನ ಸಹಿಯೂ ಇದೆ. ಗೆದ್ದಲು ಹಿಡಿದಿತ್ತು, ನೋಡಿಕೊಳ್ಳಲು ಜನ ಇರಲಿಲ್ಲ, ಅದೂ ನಿಜ. ಹಲಸಿನ ಮರದ ಕಂಬಗಳನ್ನು ಯಾರೋ ಲಾರಿಯಲ್ಲಿ ಒಯ್ದರು. ಎಲ್ಲಿಗೆ ಎಂದು ನಾನು ಕೇಳಲೂ ಇಲ್ಲ.

ಇದನ್ನೆಲ್ಲ ಚಿನ್ನುವಿಗೆ ಹೇಳಿದೆ. ಅವಳು ಬೈಯಲಿಲ್ಲ. ಕಾರಿನಲ್ಲಿ ಪುಸ್ತಕ, ಪೆನ್ಸಿಲ್ ತೆಗೆದು, “ಎಲ್ಲೆಲ್ಲಿ ಏನೇನಿತ್ತು, ಹೇಳಿ” ಎಂದಳು. ಬಾವಿ, ಹಟ್ಟಿ, ಭತ್ತದ ಪತ್ತಾಯ, ಅಮ್ಮ ಬಾಣಂತಿಯಾಗಿ ಮಲಗಿದ್ದ ಕೋಣೆ, ಎಲ್ಲ ಬಂತು.

“ಚಾವಡಿಯಲ್ಲಿ ಎಷ್ಟು ಕಂಬ?”

ಆರೋ, ಎಂಟೋ! ಕೊನೆಗೆ ದೊಡ್ಡಣ್ಣನಿಗೆ ಫೋನ್ ಮಾಡಿದೆ. ಅವನಿಗೀಗ ಎಂಬತ್ತೆರಡು. ಬಹಳ ಹೊತ್ತು ಮಾತಿಲ್ಲ. ಆಮೇಲೆ, “ನೀನು ಬಾ, ಕೂತು ಲೆಕ್ಕ ಹಾಕುವ. ಆ ಪುಸ್ತಕವನ್ನೂ ತಾ” ಎಂದ.