ಕೂತ ಎಂಜಿನ್ನು, ಓಡಿದ ಎಂಜಿನ್ನು

"ಕಡಿಮಿ ಓಡ್ಯಾದರೀ ಅಕ್ಕಾರ, ಹೊಸದೇ ಅಂತ ತಿಳೀರಿ." ಹಳೆಯ ಯಂತ್ರ ಮಾರುವವರು ನಮ್ಮ ಯಡ್ರಾಮಿಯಲ್ಲಿ ಹೇಳುವ ಮಾತು ಇದು. ಹೊಲಿಗೆ ಯಂತ್ರಕ್ಕೂ ಇದೇ, ಹೊಲದ ಡೀಸೆಲ್ ಪಂಪಿಗೂ ಇದೇ. ತಮಾಷೆಯೆಂದರೆ, ಸಣ್ಣ ವಿಮಾನದ ಹಳೆಯ ಎಂಜಿನ್ ಮಾರುವ ಸೂಟುಬೂಟಿನ ಜನರೂ ಇಂಗ್ಲಿಷಿನಲ್ಲಿ ಇದನ್ನೇ ಹೇಳುತ್ತಾರೆ. ಈ ಮಾತನ್ನು ನಂಬಬೇಡಿ ಎನ್ನುವುದಕ್ಕೇ ನಾನು ಇಷ್ಟು ಬರೆಯುತ್ತಿರುವುದು.

ವಿಮಾನದ ಎಂಜಿನ್ ಕಟ್ಟಿಕೊಂಡು ನಮಗೇನಾಗಬೇಕು ಎಂದು ಪುಟ ತಿರುವಬೇಡಿ. ಕಲಬುರಗಿಯ ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರಿನಲ್ಲಿ. 2021ರಲ್ಲಿ ಹಾರಾಟ ಕಲಿಸುವ ಶಾಲೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು. ಪೈಲಟ್ ಆಗಿ ಸಂಬಳ ಎಣಿಸಬೇಕೆಂದರೆ ಮೊದಲು 200 ಗಂಟೆ ಹಾರಿರಬೇಕೆಂಬುದು ನಿಯಮ. ಅದರಲ್ಲಿ ಬಹುಪಾಲು ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. 1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ಹಾರಿಸಿದಾಗಲೂ ಮುಂದೆ ಇದ್ದದ್ದು ಒಂದೇ ಎಂಜಿನ್ನು. ಹೊಲ ಅಡವಿಟ್ಟು ಮಗಳನ್ನು ಕಳಿಸುವ ತಾಯಿ ಆ ಎಂಜಿನ್ನಿನ ಜಾತಕ ಕೇಳಿದರೆ ತಪ್ಪೇನು? "ಅದೆಲ್ಲಾ ನಿಮಗ ತಿಳಿಯಂಗಿಲ್ಲ ಬಿಡ್ರಿ" ಎನ್ನುವವರಿಗೆ ತಿಳಿದಿರುವುದು ಎಷ್ಟೆಂದು ನೋಡೋಣ.

ಅಮೆರಿಕದ ಲೈಕಮಿಂಗ್ ಕಂಪನಿಯ ಎಂಜಿನ್ನುಗಳು ಇಂಥ ತರಬೇತಿ ವಿಮಾನಗಳಲ್ಲಿ ಸಾಮಾನ್ಯ. ಅವುಗಳಲ್ಲಿ ಅನೇಕಕ್ಕೆ 2000 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಿ ಎನ್ನುತ್ತದೆ ಕಂಪನಿ. ಅಷ್ಟು ಓಡದಿದ್ದರೂ 12 ವರ್ಷಕ್ಕೆ ಮಾಡಿಸಿ ಎಂದೂ ಹೇಳುತ್ತದೆ. ಮಾರುವವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುತ್ತಾರೆ. ಇಪ್ಪತ್ತು ವರ್ಷದಲ್ಲಿ ಬರೀ 400 ಗಂಟೆ ಓಡಿದ್ದೊಂದು, ಐದು ವರ್ಷದಲ್ಲಿ 1600 ಗಂಟೆ ಓಡಿದ್ದೊಂದು ಎದುರಿಗಿಟ್ಟರೆ ನಮ್ಮ ಗಂಡಸರು ಮೊದಲನೆಯದಕ್ಕೇ ಕೈ ಹಾಕುತ್ತಾರೆ. ನಾನಾದರೆ ದಿನಾ ದುಡಿದದ್ದನ್ನು ಮೊದಲು ನೋಡುತ್ತೇನೆ. ಉಳಿದಿರುವುದು 400 ಗಂಟೆ ಎಂದು ಬೆಲೆಯನ್ನೂ ಇಳಿಸಿ ಕೇಳುತ್ತೇನೆ, ಅದು ಬೇರೆ ಮಾತು.

ಕಾರಣ ಇಷ್ಟೆ. ಲೈಕಮಿಂಗ್ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಮೇಲುಗಡೆ ಇರುತ್ತದೆ. ತಿಂಗಳುಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಕೆಳಗಿಳಿದು ಲೋಹ ಬರಿಮೈಯಾಗುತ್ತದೆ, ಗಾಳಿಯ ತೇವಕ್ಕೆ ತುಕ್ಕು ಹಿಡಿಯುತ್ತದೆ. ಮುಂದೆ ಓಡಿಸಿದಾಗ ಆ ತುಕ್ಕೇ ಉಜ್ಜಿ ಉಜ್ಜಿ ಲೋಹದ ಪುಡಿ ಎಣ್ಣೆಗೆ ಬೀಳುತ್ತದೆ. "ವಾರಕ್ಕೊಮ್ಮೆ ನೆಲದ ಮ್ಯಾಲೇ ಹತ್ತು ನಿಮಿಷ ಚಾಲೂ ಮಾಡ್ತಿದ್ವಿ" ಎಂದರಂತೂ ಇನ್ನೂ ಅನುಮಾನಿಸಿ. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ ಆರಿಹೋಗುವಷ್ಟು ಎಂಜಿನ್ ಕಾಯುವುದಿಲ್ಲ, ಆ ನೀರು ಎಣ್ಣೆಯಲ್ಲೇ ಕೂರುತ್ತದೆ. ವರ್ಷಾನುಗಟ್ಟಲೆ ಮೂಲೆಯಲ್ಲಿಟ್ಟ ಹೊಲಿಗೆ ಯಂತ್ರದ ಚಕ್ರ ತಿರುಗಿಸಲು ಹೆಣಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಣ್ಣ ಬಿಡಿ, ಅದನ್ನು ಯಾರು ಬೇಕಾದರೂ ಹಚ್ಚುತ್ತಾರೆ. ಎಣ್ಣೆಯ ಫಿಲ್ಟರನ್ನು ಕೊಯ್ದು ತೋರಿಸಿ ಎನ್ನಿ, ಒಳಗಿನ ಕಾಗದದ ಮಡಿಕೆಯಲ್ಲಿ ಲೋಹದ ಚೂರು ಮಿನುಗುತ್ತಿದೆಯೇ ನೋಡಿ. ಆಮೇಲೆ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರುವಾಗ ಒಂದೊಂದು ಸಿಲಿಂಡರಿಗೂ 80 ಪೌಂಡ್ ಒತ್ತಡದ ಗಾಳಿ ಕೊಟ್ಟು ಎಷ್ಟು ನಿಲ್ಲುತ್ತದೆಂದು ಅಳೆಯುತ್ತಾರೆ. ಅಂಕಿಗಿಂತಲೂ ನನಗೆ ಇಷ್ಟವಾದದ್ದು ಆಗ ಕಿವಿಗೊಟ್ಟು ಕೇಳುವುದು. ಹೊಗೆ ಕೊಳವೆಯಲ್ಲಿ ಸುಂಯ್ ಎಂದರೆ ಹೊಗೆ ಬಿಡುವ ವಾಲ್ವು ಸೋರುತ್ತಿದೆ, ಗಾಳಿ ಒಳಬರುವ ದಾರಿಯಲ್ಲಿ ಕೇಳಿದರೆ ಆ ಕಡೆಯ ವಾಲ್ವು, ಎಣ್ಣೆ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗು. ಕುಕ್ಕರಿನ ಆವಿ ಸೋರುವುದು ಗ್ಯಾಸ್ಕೆಟ್ಟಿನಲ್ಲೋ ಸೀಟಿಯಲ್ಲೋ ಎಂದು ಪಡಸಾಲೆಯಿಂದಲೇ ಹೇಳುವ ನಮಗೆ ಇದು ತಿಳಿಯದ ವಿದ್ಯೆಯೇ!

ಇನ್ನು ಕಾಗದ. ಪಹಣಿ ಇಲ್ಲದ ಹೊಲವನ್ನು ನಮ್ಮೂರಲ್ಲಿ ಯಾರೂ ಕೊಳ್ಳುವುದಿಲ್ಲ. ಲಾಗ್‌ಬುಕ್ ಇಲ್ಲದ ಎಂಜಿನ್ನೂ ಹಾಗೇ. ಪ್ರೊಪೆಲರ್ ಎಂದಾದರೂ ನೆಲಕ್ಕೆ ತಾಗಿತ್ತೇ ಎಂದು ಅದರಲ್ಲಿ ಹುಡುಕಬೇಕು. "ಸ್ವಲ್ಪ ತಾಗಿತ್ತಷ್ಟೇ" ಎನ್ನುವ ಉತ್ತರ ಸಾಲದು, ತಾಗಿದ ಮೇಲೆ ಎಂಜಿನ್ ಬಿಚ್ಚಿ ನೋಡಿದ ದಾಖಲೆ ಬೇಕು. ಓವರ್‌ಹಾಲ್ ಎಂಬ ಪದಕ್ಕೂ ಮರುಳಾಗಬೇಡಿ. ಸವೆದ ಭಾಗಗಳನ್ನು ಹೊಸದರ ಅಳತೆಗೆ ತಂದರೂ ಅದು ಓವರ್‌ಹಾಲೇ, ಇನ್ನಷ್ಟು ದಿನ ನಡೆದೀತು ಎಂಬ ಅಳತೆಯೊಳಗಿದೆಯೆಂದು ಹಳೆಯದನ್ನೇ ಮತ್ತೆ ಕೂಡಿಸಿದರೂ ಓವರ್‌ಹಾಲೇ. ಯಾವ ಅಳತೆ, ಯಾವ ಭಾಗ ಹೊಸದು ಎಂದು ಬಿಲ್ಲು ನೋಡಿ ಕೇಳಿ. "ಸೊನ್ನೆ ಗಂಟೆ" ಎಂದು ಬರೆಯುವ ಹಕ್ಕು ಅಮೆರಿಕದ ಕಾನೂನಿನಲ್ಲಿ ಎಂಜಿನ್ ತಯಾರಿಸಿದವರಿಗೆ ಅಥವಾ ಅವರು ಒಪ್ಪಿದವರಿಗೆ ಮಾತ್ರ ಇದೆ, ಓಣಿಯ ವರ್ಕ್‌ಷಾಪಿಗಿಲ್ಲ.

ಹಳೆಯದು ಬೇಡವೇ ಬೇಡ ಎನ್ನುವವರ ಜೊತೆಗೂ ನನ್ನ ಜಗಳವಿದೆ. 1958ರಲ್ಲಿ ಮೊದಲು ಹಾರಿದ ನಮ್ಮ ಎಚ್.ಎ.ಎಲ್.ನ ಪುಷ್ಪಕ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರಿಗೆ ಹಾರಾಟ ಕಲಿಸಿದ ವಿಮಾನ. ಅದರ ಕಾಂಟಿನೆಂಟಲ್ ಎಂಜಿನ್ನನ್ನು ಇಂದು ಹೊಸದಾಗಿ ಎಲ್ಲಿಂದ ತರುತ್ತೀರಿ? ಹಳೆಯದರಲ್ಲೇ ಆರಿಸಬೇಕು. ಆರಿಸುವಾಗ ನಮ್ಮನ್ನು ಹೊರಗೆ ಕೂರಿಸಿ ಚಹಾ ಮಾಡಲು ಹೇಳಬೇಡಿ. ಚಹಾ ಆಮೇಲೆ ಮಾಡೋಣ, ಮೊದಲು ಆ ಲಾಗ್‌ಬುಕ್ ಇತ್ತ ಕೊಡಿ.