ಸಿಮೆಂಟ್ ಕಂಪನಿಯ ಶೇ 2ರ ಹಣ: ಊರಿನ ಆರೋಗ್ಯಕ್ಕೆ ಬರುವ ದಾರಿ ಯಾವುದು?

‘ಸಿಮೆಂಟ್ ಕಂಪನಿಯವರು ಲಾಭದ ಶೇ 2ರಷ್ಟನ್ನು ಸುತ್ತಲಿನ ಊರಿನವರಿಗೇ ಕೊಡಬೇಕು. ಆಪರೇಷನ್ನಿಗೆ ಹಣ ಬೇಕಾದವರು ಈ ಲಿಂಕ್ ಒತ್ತಿ.’ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಗ್ರೂಪಿಗೆ ಇಂಥ ಸಂದೇಶ ಬಂದರೆ ನಂಬುವುದು ಸುಲಭ. ಕಾರಣ, ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನೋಡೋಣ.

ಶೇ 2 ಯಾವುದರದ್ದು?

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಗದಿತ ಮಟ್ಟದ ಲಾಭ ಅಥವಾ ವಹಿವಾಟು ಇರುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್. ಲಾಭ 80, 100, 120 ಕೋಟಿ ರೂಪಾಯಿ ಇದ್ದರೆ ಸರಾಸರಿ 100 ಕೋಟಿ. ಸಿಎಸ್‌ಆರ್ 2 ಕೋಟಿ.

ಈ ಲೆಕ್ಕ ಇಡೀ ಕಂಪನಿಯದ್ದು, ವಾಡಿ ಅಥವಾ ಮಳಖೇಡದ ಒಂದೇ ಕಾರ್ಖಾನೆಯದ್ದಲ್ಲ. ಎಸಿಸಿ, ಅಲ್ಟ್ರಾಟೆಕ್‌ನಂಥ ಕಂಪನಿಗಳ ಕಾರ್ಖಾನೆಗಳು ಹಲವು ರಾಜ್ಯಗಳಲ್ಲಿವೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುವ ಕಾನೂನು, ಇಂತಿಷ್ಟೇ ಕೊಡಿ ಎಂದು ಹೇಳುವುದಿಲ್ಲ.

ಯಾರು ತೀರ್ಮಾನಿಸುತ್ತಾರೆ?

ಕಂಪನಿಯ ಆಡಳಿತ ಮಂಡಳಿ. ಆರೋಗ್ಯ, ಅಪೌಷ್ಟಿಕತೆ ನಿವಾರಣೆ, ಶುದ್ಧ ಕುಡಿಯುವ ನೀರು ಕಾಯ್ದೆಯ ಪಟ್ಟಿಯಲ್ಲೇ ಇವೆ. ಕಂಪನಿ ತಾನೇ ಕೆಲಸ ಮಾಡಬಹುದು, ಇಲ್ಲವೇ ನೋಂದಾಯಿತ ಪ್ರತಿಷ್ಠಾನದ ಮೂಲಕ ಮಾಡಿಸಬಹುದು. ಎಲ್ಲಿ ಕೊರತೆಯಿದೆ, ಕೆಲಸ ಯಾರು ನಡೆಸುತ್ತಾರೆ, ಹಣ ಮುಗಿದ ಮೇಲೆ ಯಾರು ಮುಂದುವರಿಸುತ್ತಾರೆ ಎಂಬುದನ್ನು ಒಳ್ಳೆಯ ಪ್ರತಿಷ್ಠಾನಗಳು ಮೊದಲು ಕೇಳುತ್ತವೆ.

ಯಾವುದು ಸಿಎಸ್‌ಆರ್ ಅಲ್ಲ?

ಕಂಪನಿಯ ನೌಕರರಿಗೆ ಮಾತ್ರ ಸಿಗುವ ಸೌಲಭ್ಯ ಇದರಲ್ಲಿ ಸೇರುವುದಿಲ್ಲ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವೂ ಸೇರುವುದಿಲ್ಲ. ಅಂದರೆ, ಕಾನೂನು ಕಡ್ಡಾಯ ಮಾಡಿರುವ ಧೂಳು ನಿಯಂತ್ರಣ ಕಂಪನಿ ಊರಿಗೆ ಮಾಡುವ ದಾನವಲ್ಲ; ಅದರ ಬಾಧ್ಯತೆ. ಉಸಿರಾಟದ ತೊಂದರೆಗೆ ತಪಾಸಣಾ ಶಿಬಿರ ನಡೆಸಿದ ಮಾತ್ರಕ್ಕೆ ಧೂಳಿನ ಪ್ರಶ್ನೆ ಮುಗಿಯುವುದಿಲ್ಲ.

ಅರ್ಜಿಯಿಲ್ಲದೆ ಬರುವ ಮೊಟ್ಟೆ

ಸಿಎಸ್‌ಆರ್ ಅಲ್ಲದ ದಾನದ ಹಣವೂ ಇದೆ. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ 3 ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ನೀಡಲು ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೆ 2 ದಿನ ಇದ್ದ ಮೊಟ್ಟೆ ಇದರಿಂದ 6 ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಚಿಂಚೋಳಿಯ ಮಗುವಿನ ತಟ್ಟೆಗೆ ಇದು ಬರಲು ತಾಯಿ ಯಾವ ಲಿಂಕನ್ನೂ ಒತ್ತಬೇಕಿಲ್ಲ. ದೊಡ್ಡ ಅನುದಾನ ಹೆಚ್ಚಾಗಿ ಹೀಗೆ ವ್ಯವಸ್ಥೆಯ ಮೂಲಕವೇ ತಲುಪುತ್ತದೆ. ಆದರೆ ಅದಕ್ಕೆ ಅವಧಿಯೂ ಇದೆ. ಆಮೇಲೆ ಸರ್ಕಾರ ಏನು ಮಾಡುತ್ತದೆ ಎಂದು ಕೇಳುವುದು ನಮ್ಮ ಕೆಲಸ.

ಹಾಗಾದರೆ ನಾವೇನು ಮಾಡಬಹುದು?

ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ತುರ್ತಾಗಿ ಬೇಕಿದ್ದರೆ ಫಾರ್ವರ್ಡ್ ನಂಬಿ ದಿನ ಕಳೆಯಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಪಡಿತರ ಚೀಟಿ, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಊರಿಗೆ ನೀರಿನ ಘಟಕ, ಆರೋಗ್ಯ ಕೇಂದ್ರಕ್ಕೆ ಸಲಕರಣೆ ಬೇಕಿದ್ದರೆ ಗ್ರಾಮ ಪಂಚಾಯಿತಿಯ ಮೂಲಕ ಕಂಪನಿಗೆ ಬರವಣಿಗೆಯಲ್ಲಿ ಮನವಿ ಕೊಡಿ. ಒಪ್ಪಿಗೆಯಾದ ಯೋಜನೆಗಳನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಅಲ್ಲಿ ನಿಮ್ಮೂರಿನ ಹೆಸರಿದೆಯೇ ನೋಡಿ.

‘ನೋಂದಣಿ ಶುಲ್ಕ’, ಒಟಿಪಿ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.