ಇಪ್ಪತ್ತೈದು ಮನೆಗಳ ವ್ಯಾಜ್ಯ

ಹೋದ ತಿಂಗಳು ಬೈಲಹೊಂಗಲದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಪಕ್ಕದ ಗುಡಿಯ ಕಟ್ಟೆಯ ಮೇಲೆ ಮುದುಕರೊಬ್ಬರು ಮೊಮ್ಮಗನನ್ನು ಎದುರಿಗೆ ಕೂಡಿಸಿಕೊಂಡು, ಇದ್ದಿಲಿನಿಂದ ಗೆರೆ ಎಳೆದು ಹುಲಿ-ಕುರಿ ಆಡುತ್ತಿದ್ದರು. ನಾಲ್ಕು ಹುಣಸೆಬೀಜ ಹುಲಿಗಳು. ಇಪ್ಪತ್ತು ಹರಳು ಕುರಿಗಳು. ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರ್ ಗೃಹಸ್ಥರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, “ಅಜ್ಜಾರ, ಇಂಥಾ ಸಣ್ಣ ಮಣೀ ಆಟಾನೆಲ್ಲಾ ಕಂಪ್ಯೂಟರ್ ಯಾವಾಗೋ ಮುಗಿಸಿಬಿಟ್ಟಾವ್ರಿ. ಹುಡುಗಗ ಚೆಸ್ ಆದ್ರೂ ಕಲಸ್ರಿ” ಎಂದರು. ಮುದುಕರು ತಲೆಯೆತ್ತದೆ ಕೇಳಿದರು: “ಹೌದೇನಪಾ? ಗೆದ್ದಾವ್ರು ಯಾರು, ಹುಲಿಯೋ ಕುರಿಯೋ?”

ನೆರೆದವರು ನಕ್ಕರು. ಇಂಜಿನಿಯರರೂ ನಕ್ಕು ನಡೆದುಬಿಟ್ಟರು. ಉತ್ತರವನ್ನು ಮಾತ್ರ ಹೇಳಲಿಲ್ಲ. ಆ ನಗೆಯ ಮೇಲೆಯೇ ನನ್ನ ತಕರಾರು.

ಮೊದಲು ಅವರ ಪಕ್ಷದಲ್ಲಿರುವ ಸತ್ಯವನ್ನು ಒಪ್ಪಿಕೊಂಡುಬಿಡೋಣ. ಚೀನದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ‘ಗೋ’ ಎಂಬುದೊಂದು ಆಟವಿದೆ; ಹೆಸರಿಗೂ ನಮ್ಮ ಹಸುವಿಗೂ ಸಂಬಂಧವಿಲ್ಲ. ಅಡ್ಡಕ್ಕೆ ಹತ್ತೊಂಬತ್ತು ಗೆರೆ, ಉದ್ದಕ್ಕೆ ಹತ್ತೊಂಬತ್ತು ಗೆರೆ. ಅವು ಕೂಡುವ ೩೬೧ ಬಿಂದುಗಳ ಮೇಲೆ ಒಬ್ಬನು ಕರಿಯ ಹರಳು, ಇನ್ನೊಬ್ಬನು ಬಿಳಿಯ ಹರಳು ಸರದಿಯಂತೆ ಇಡುತ್ತ ಹೋಗಬೇಕು. ಎದುರಾಳಿಯ ಹರಳಿಗೆ ಉಸಿರಾಡಲು ಒಂದು ಬಿಂದುವೂ ಉಳಿಯದಂತೆ ಸುತ್ತುಗಟ್ಟಿದರೆ ಅದು ಮಣೆಯಿಂದ ಎದ್ದಂತೆ. ಕೊನೆಗೆ ಹೆಚ್ಚು ನೆಲ ಹಿಡಿದವನು ಗೆದ್ದವನು. ೨೦೧೬ರ ಮಾರ್ಚಿಯಲ್ಲಿ ಸಿಯೋಲ್ ನಗರದಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಮು ಕೊರಿಯದ ಮಹಾ ಆಟಗಾರ ಲೀ ಸೆಡಾಲನನ್ನು ಐದರಲ್ಲಿ ನಾಲ್ಕು ಆಟ ಸೋಲಿಸಿತು.

ಆದರೆ ಗೆಲ್ಲುವುದು ಬೇರೆ, ಮುಗಿಸುವುದು ಬೇರೆ. ಆ ದೊಡ್ಡ ಮಣೆಯ ಮೇಲೆ ನಿಯಮಬದ್ಧವಾಗಿ ಹರಳು ಕೂಡಬಹುದಾದ ರೀತಿಗಳ ಎಣಿಕೆ ಸಿಕ್ಕದ್ದು ೨೦೧೬ರಲ್ಲಿ. ಅದನ್ನು ಬರೆಯಲಿಕ್ಕೆ ೧೭೧ ಅಂಕೆಗಳು ಬೇಕು. ಅದರ ಕೊನೆಯ ಮಾತನ್ನು ಯಂತ್ರವೂ ಹೇಳಿಲ್ಲ. ಕೊನೆಯ ಮಾತು ಸಿಕ್ಕಿರುವುದು ಪುಟ್ಟ ಮಣೆಗಳಲ್ಲಿ. ಐದು ಗೆರೆಗೆ ಐದು ಗೆರೆಯ, ೨೫ ಬಿಂದುಗಳ ಮಣೆಯನ್ನು ೨೦೦೨ರಲ್ಲಿ ಹಾಲೆಂಡಿನ ಎರಿಕ್ ವಾನ್ ಡರ್ ವೆರ್ಫ್ ಎಂಬವರ ಮಿಗೋಸ್ ಎಂಬ ಪ್ರೋಗ್ರಾಮು ಬಿಡಿಸಿತು: ಮೊದಲನೆಯವನು ನಟ್ಟನಡುವೆ ಹರಳಿಟ್ಟು ತಪ್ಪದೆ ಆಡಿದರೆ ಇಪ್ಪತ್ತೈದೂ ಬಿಂದು ಅವನವೇ. ಈ ಪುಟ್ಟ ಮಣೆಯಲ್ಲೂ ಹರಳುಗಳ ನಿಲುವುಗಳು ನಲವತ್ತೊಂದು ಸಾವಿರ ಕೋಟಿಗೆ ಮಿಕ್ಕಿವೆ!

ಸಣ್ಣ ಮಣೆಯನ್ನು ಪಂಡಿತರು ಹಿಡಿದದ್ದು ಹುಡುಗಾಟಕ್ಕಲ್ಲ. ೧೯೬೪ರಷ್ಟು ಹಿಂದೆಯೇ ಅಮೆರಿಕದ ಥಾರ್ಪ್ ಮತ್ತು ವಾಲ್ಡನ್ ಎಂಬಿಬ್ಬರು ಗೋ ಆಟವನ್ನು ತೀರ ಚಿಕ್ಕ ಮಣೆಗಳಿಗೆ ಇಳಿಸಿ ಕಂಪ್ಯೂಟರಿನಿಂದ ಪರೀಕ್ಷಿಸಿದರು. ದೊಡ್ಡ ಮಣೆಯಲ್ಲಿ ಯಂತ್ರದ ನಡೆ ಸರಿಯೋ ತಪ್ಪೋ ಎಂದು ಒರೆಹಚ್ಚುವವರು ಯಾರು? ಸಣ್ಣದರಲ್ಲಿ ಕೊನೆಯವರೆಗೆ ನೋಡಿ ನಿರ್ಣಯಿಸಬಹುದು. ಅವರು ಸಣ್ಣದನ್ನು ಗುರುವಾಗಿ ಮಾಡಿಕೊಂಡರು. ನಮ್ಮ ಇಂಜಿನಿಯರರು ಅದನ್ನು ಕಸವೆಂದರು.

ಇನ್ನು ಅಜ್ಜನ ಪ್ರಶ್ನೆ. ಅದೇ ೨೫ ಬಿಂದು, ೪ ಹುಲಿ, ೨೦ ಕುರಿಗಳ ಆಟ ನೇಪಾಳದಲ್ಲಿ ಬಾಘ್‌ಚಾಲ್ ಎಂದು ಪ್ರಸಿದ್ಧ. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಅದನ್ನು ಕಂಪ್ಯೂಟರಿನಿಂದ ಬಿಡಿಸಿ, ೨೦೦೯ರಲ್ಲಿ ಹೊರಬಂದ ಲೇಖನವೊಂದರಲ್ಲಿ ಫಲವನ್ನು ಹೇಳಿದ್ದಾರೆ: ಇಬ್ಬರೂ ತಪ್ಪದೆ ಆಡಿದರೆ ಹುಲಿಯೂ ಗೆಲ್ಲದು, ಕುರಿಯೂ ಗೆಲ್ಲದು, ಆಟ ಸಮ. ಒಂಬತ್ತೊಂಬತ್ತು ಕಾಯಿಯ ಸಾಲುಮನೆಯನ್ನು ೧೯೯೩ರಲ್ಲಿ ರಾಲ್ಫ್ ಗಾಸರ್ ಬಿಡಿಸಿದಾಗಲೂ ಇದೇ ಉತ್ತರ ಬಂತು. ಅಂದರೇನು? ಕಟ್ಟೆಯ ಮೇಲೆ ಯಾರಾದರೂ ಗೆದ್ದರೆ ಅದು ಎದುರಿನವನ ತಪ್ಪಿನಿಂದ, ಮತ್ತು ಆ ತಪ್ಪನ್ನು ಕಂಡ ಇವನ ಕಣ್ಣಿನಿಂದ. ಯಂತ್ರ ಮುಗಿಸಿದ್ದು ಲೆಕ್ಕವನ್ನು. ಈ ಕಣ್ಣಿನ ವ್ಯವಹಾರ ಲೆಕ್ಕದ ಆಚೆಗೇ ಉಳಿದಿದೆ.

ಉತ್ತರ ಎಲ್ಲಿಯೋ ಒಂದು ಕಡೆ ಸಿಕ್ಕಿದೆಯೆಂಬ ಮಾತ್ರಕ್ಕೆ ಕಲಿಯುವುದು ಬೇಡವೆ? ಮಗ್ಗಿಯ ಉತ್ತರಗಳು ಎಂದೋ ಸಿಕ್ಕಿವೆ. ಅದಕ್ಕಾಗಿ ಸಾಲೆಯಲ್ಲಿ ಮಗ್ಗಿ ನಿಲ್ಲಿಸಿದವರುಂಟೆ? ಕ್ರೇನು ಬಂದ ಮೇಲೂ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನಿಗೆ ನಾವು ಶಿಳ್ಳೆ ಹೊಡೆಯುತ್ತೇವೆ. ಅಲ್ಲದೆ ಆ ಗೃಹಸ್ಥರು ಶಿಫಾರಸು ಮಾಡಿದ ಚೆಸ್ಸಿನಲ್ಲಿ ಜಗಜ್ಜೇತ ಕಾಸ್ಪರೋವನನ್ನು ೧೯೯೭ರಲ್ಲೇ ಡೀಪ್ ಬ್ಲೂ ಎಂಬ ಯಂತ್ರ ಸೋಲಿಸಿತ್ತು. ಅವರ ತರ್ಕವನ್ನೇ ಹಿಡಿದರೆ ಚೆಸ್ಸಿನ ಮಣೆಯನ್ನೂ ಅಟ್ಟಕ್ಕೆ ಏರಿಸಬೇಕು. ಅದನ್ನು ಏರಿಸುವುದಿಲ್ಲ, ಏಕೆಂದರೆ ಚೆಸ್ಸಿಗೆ ಸರ್ಟಿಫಿಕೇಟು ಉಂಟು, ಇದ್ದಿಲ ಗೆರೆಗೆ ಇಲ್ಲ.

ಇದು ಬರಿ ಮಾತಿನ ಜಗಳವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ರಾಮದುರ್ಗದ ಕಡೆ ನನ್ನ ಸೋದರತ್ತೆಯ ಹಳ್ಳಿಯ ಗುಡಿಯಲ್ಲಿ ಮೆಟ್ಟಿಲ ಕಲ್ಲಿಗೇ ಒಂದು ಹುಲಿ-ಕುರಿ ಮಣೆ ಕೊರೆದಿತ್ತು. ಆಡಿ ಆಡಿ ಗೆರೆಗಳು ನುಣುಪಾಗಿದ್ದವು. ಜೀರ್ಣೋದ್ಧಾರವಾಯಿತು, ಈಗ ಅದರ ಮೇಲೆ ಹೊಳೆಯುವ ಟೈಲ್ಸು. ಯಾರೂ ದ್ವೇಷದಿಂದ ಮುಚ್ಚಿದ್ದಲ್ಲ. ಅದು ಮಣೆಯೆಂದು ಬಲ್ಲವರು ಕಮಿಟಿಯಲ್ಲಿ ಇರಲಿಲ್ಲ, ಅಷ್ಟೆ. ಅಲ್ಲಿಂದ ಬರುತ್ತ ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಹುಡುಗರನ್ನು ಕಂಡೆ. ಒಂದೇ ಬೆಂಚು, ನಾಲ್ಕು ಫೋನು. ನಾಲ್ವರೂ ಬೇರೆ ಬೇರೆಯಾಗಿ ಯಂತ್ರದೊಡನೆ ಆಡುತ್ತಿದ್ದರು. ಗೆದ್ದವನನ್ನು ಯಾರೂ ಹೀಯಾಳಿಸಲಿಲ್ಲ, ಸೋತವನು ಯಾರ ಮೇಲೂ ಮುನಿಯಲಿಲ್ಲ. ಆಟದ ಮೇಲಿನ ಜಗಳವೂ ಇಲ್ಲದ ಬಾಲ್ಯ ಎಂಥ ಬಾಲ್ಯ!

ಯಂತ್ರವನ್ನು ಬಯ್ಯುವುದಕ್ಕೆ ಇದನ್ನು ಬರೆದದ್ದಲ್ಲ. ಹಳೆಯದೆಲ್ಲ ಬಂಗಾರವೆಂದೂ ನಾನು ಹೇಳಲಾರೆ. ಕವಡೆಯ ಆಟಕ್ಕೆ ಹೊಲ ಕಳೆದವರ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನನ್ನ ಬೇಡಿಕೆ ಚಿಕ್ಕದು. ನಮ್ಮ ಹೈಸ್ಕೂಲುಗಳ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳು ಗೋ ಆಟದ ಅತಿ ಚಿಕ್ಕ ಮಣೆಯಿಂದ ಆರಂಭಿಸಲಿ. ಎರಡಕ್ಕೆ ಎರಡು ಗೆರೆ, ನಾಲ್ಕೇ ಬಿಂದು. ಪ್ರತಿ ಬಿಂದುವೂ ಖಾಲಿ, ಕರಿ, ಇಲ್ಲವೆ ಬಿಳಿ. ಒಟ್ಟು ೮೧ ರೀತಿ. ಉಸಿರಿಲ್ಲದ ಹರಳಿರುವ ೨೪ನ್ನು ಹೊಡೆದುಹಾಕಿದರೆ ಉಳಿಯುವುದು ೫೭. ಇದನ್ನು ಪಾಟಿಯ ಮೇಲೆಯೇ ಬರೆದು ತೆಗೆಯಬಹುದು. ಮೂರಕ್ಕೆ ಮೂರರಲ್ಲಿ ೧೨,೬೭೫. ಅಲ್ಲಿ ಯಂತ್ರದ ನೆರವು ಬೇಕು, ಅದನ್ನು ಹೇಗೆ ಕೇಳಬೇಕೆಂಬುದನ್ನು ಹುಡುಗರೇ ಕಲಿಯುತ್ತಾರೆ. ಅಲ್ಲಿಂದ ಅಜ್ಜನ ಹುಲಿ-ಕುರಿಗೆ ಬರಲಿ. ಪರರು ಬಿಡಿಸಿದ್ದನ್ನು ಕೇಳಿ ಆಟ ಬಿಡುವುದಕ್ಕಿಂತ ತಾವೇ ಬಿಡಿಸಿ ನೋಡಿ ಆಡುವುದು ಲೇಸಲ್ಲವೆ? ಕಿತ್ತೂರು ಉತ್ಸವದಲ್ಲಿ ಕುಸ್ತಿಗೆ ಕಣ ಹಾಕುವವರು ಒಂದು ಮೂಲೆಯಲ್ಲಿ ಹತ್ತು ಹುಲಿ-ಕುರಿ ಮಣೆಗಳನ್ನೂ ಹಾಕಿಸಲಿ. ಗುಡಿಗೆ ಟೈಲ್ಸು ಹಾಕಿಸುವವರು ಕಲ್ಲಿನ ಮೇಲಿನ ಗೆರೆಗಳನ್ನು ಒಮ್ಮೆ ಬಗ್ಗಿ ನೋಡಲಿ.

ಅಂದು ಊಟಕ್ಕೆ ಕರೆ ಬಂದಾಗ ಕಟ್ಟೆಯ ಮೇಲೆ ಮೂರು ಹುಲಿಗಳು ಸಿಕ್ಕಿಬಿದ್ದಿದ್ದವು. ನಾಲ್ಕನೆಯದಕ್ಕೆ ಇನ್ನೂ ಒಂದು ದಾರಿ ಇತ್ತು. ಇಂಜಿನಿಯರರು ಮೊದಲ ಪಂಕ್ತಿಯಲ್ಲೇ ಕುಳಿತುಬಿಟ್ಟಿದ್ದರು. ಹುಡುಗ ಮಾತ್ರ ಏಳಲು ಒಲ್ಲೆನೆಂದ.